ಗೃಹಸಾಲದ ಬಡ್ಡಿ ಅನ್ಯಾಯವಾಗಿ ಏರಿದ್ದರೆ ಹಣ ವಾಪಸ್ ಕೇಳುವುದು ಹೇಗೆ

ರೆಪೊ ದರ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಏರಿದ್ದಕ್ಕೇ ಬಡ್ಡಿ ಏರಿದ್ದರೆ ವಾಪಸಾತಿಯ ಆಸೆ ಬೇಡ. ಒಪ್ಪಂದ ಮೀರಿ ಬ್ಯಾಂಕ್ ಸ್ಪ್ರೆಡ್ (ರೆಪೊದಂಥ ಆಧಾರ ದರದ ಮೇಲೆ ತಾನು ಸೇರಿಸುವ ಬಡ್ಡಿ) ಹೆಚ್ಚಿಸಿದ್ದರೆ, ಅಥವಾ ರೆಪೊ ಜೋಡಿತ ಸಾಲದಲ್ಲಿ ರೆಪೊ ಇಳಿದು ಮೂರು ತಿಂಗಳಾದರೂ ದರ ಇಳಿಸದಿದ್ದರೆ ಮಾತ್ರ ನಿಮ್ಮ ತಕರಾರಿಗೆ ಬಲವಿರುತ್ತದೆ.

ಶಿವಮೊಗ್ಗದ ನಿಮ್ಮ ಶಾಖೆಯಿಂದ ಮಂಜೂರಾತಿ ಪತ್ರ, ಸಾಲದ ಪೂರ್ತಿ ಸ್ಟೇಟ್‌ಮೆಂಟ್, ದರ ಬದಲಾದ ದಿನಾಂಕಗಳನ್ನು ಪಡೆಯಿರಿ. 20 ಲಕ್ಷ ಬಾಕಿಗೆ ಬಡ್ಡಿ ಅರ್ಧ ಶೇಕಡಾ ಹೆಚ್ಚಾದರೆ ವರ್ಷಕ್ಕೆ ಸುಮಾರು 10,000 ರೂಪಾಯಿ. ಇಎಂಐ ಅಷ್ಟೇ ಇದೆಯೆಂದು ಸುಮ್ಮನಿರಬೇಡಿ. ಸದ್ದಿಲ್ಲದೆ ಅವಧಿ ಉದ್ದವಾಗಿರಬಹುದು.

ಲೆಕ್ಕದ ಸಮೇತ ಲಿಖಿತ ದೂರು ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಸಿಎಂಎಸ್ (ಆನ್‌ಲೈನ್ ದೂರು) ಪೋರ್ಟಲ್‌ನಲ್ಲಿ ಒಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ಕೇಳುವ ಅಧಿಕಾರಿ) ಸಲ್ಲಿಸಿ, ಶುಲ್ಕವಿಲ್ಲ. ಬ್ಯಾಂಕಿಗೆ ಬರೆಯದೆ ನೇರ ಹೋದರೆ ಅರ್ಜಿ ತಿರಸ್ಕೃತ.

ತೀರ್ಥಹಳ್ಳಿ, ಸಾಗರದ ಕಡೆಯ ಸೊಸೈಟಿ ಸಾಲಕ್ಕೆ ಈ ದಾರಿಯಿಲ್ಲ. ಅದು ಸಹಕಾರ ಇಲಾಖೆಯ ವ್ಯಾಪ್ತಿ.