ತೆರೆದರೆ ಬರೀ ಗೀಚು: ಹಳೇ ಕನ್ನಡ ಫೈಲುಗಳನ್ನು ಬಿಡಿಸಿಕೊಳ್ಳುವುದು ಹೇಗೆ?

ಹದಿನೈದು ಇಪ್ಪತ್ತು ವರ್ಷದ ಹಿಂದೆ ಡಿಟಿಪಿ ಮಾಡಿಸಿದ ಫೈಲನ್ನು ಈಗಿನ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿ. ಸಂಘದ ಸ್ಮರಣ ಸಂಚಿಕೆ ಇರಬಹುದು, ಅಪ್ಪ ಬರೆದ ಊರಿನ ಚರಿತ್ರೆ ಇರಬಹುದು, ನಿಮ್ಮದೇ ಪಿಎಚ್‌ಡಿ ಪ್ರಬಂಧ ಇರಬಹುದು. ಕನ್ನಡ ಇರಬೇಕಾದ ಕಡೆ ಇಂಗ್ಲಿಷ್ ಅಕ್ಷರ, ಪೌಂಡ್ ಗುರುತು, ತಲೆ ಮೇಲೆ ಗೀಟಿರುವ ಎ. ‘ಫೈಲ್ ಕರಪ್ಟ್ ಆಗಿದೆ ಸಾರ್, ಡಿಲೀಟ್ ಮಾಡಿ’ ಅನ್ನುವವರೇ ಜಾಸ್ತಿ. ಮಾಡಬೇಡಿ. ಫೈಲಿಗೆ ಏನೂ ಆಗಿಲ್ಲ. ಅದರೊಳಗೆ ಮೊದಲಿನಿಂದಲೂ ಇದ್ದದ್ದು ಈ ಗೀಚೇ. ಅದನ್ನು ಕನ್ನಡವಾಗಿ ತೋರಿಸುತ್ತಿದ್ದ ಫಾಂಟ್ ಈಗ ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲ, ಅಷ್ಟೇ.

ಹೇಗೆ ಅಂತೀರಾ? ನುಡಿ ಅಥವಾ ಬರಹ ತಂತ್ರಾಂಶದ ಹಳೇ ವಿಧಾನದಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿದರೆ ಫೈಲಿನೊಳಗೆ ಕೂರುವುದು ಏಳು ಗುರುತುಗಳು. ದೊಡ್ಡ ಪಿ, ಗೀಟಿನ ಎ, ಪೌಂಡ್, ಮತ್ತೆ ಗೀಟಿನ ಎ, ಜರ್ಮನ್ನರ ಜೋಡಿ ಎಸ್, ಚಿಕ್ಕ ಕ್ಯೂ, ಮತ್ತೊಮ್ಮೆ ಗೀಟಿನ ಎ. ಪಿ ಇರುವ ಜಾಗದಲ್ಲಿ ಫಾಂಟು ತಲೆಕಟ್ಟಿಲ್ಲದ ‘ಕ’ ಬರೆಯುತ್ತದೆ, ಗೀಟಿನ ಎ ಇರುವಲ್ಲಿ ತಲೆಕಟ್ಟು ಇಡುತ್ತದೆ, ಜೋಡಿ ಎಸ್ ಇರುವಲ್ಲಿ ‘ನ’ ಒತ್ತು. ‘ಮ’ ಅಕ್ಷರಕ್ಕೆ ಸ್ವಂತ ಜಾಗವೇ ಇಲ್ಲ. ‘ವ’ ತುಂಡಿಗೆ ತಲೆಕಟ್ಟು ಇಟ್ಟು, ಕೊಂಬು ಅಂಟಿಸಿ ‘ಮ’ ಮಾಡುತ್ತಿದ್ದರು. ಆಗಿನ ಫಾಂಟುಗಳಲ್ಲಿ ಇದ್ದದ್ದೇ 256 ಜಾಗ. ಕಾಗುಣಿತ, ಒತ್ತಕ್ಷರ ಎಲ್ಲ ಅಷ್ಟರಲ್ಲಿ ಹಿಡಿಸಬೇಕು ಅಂದರೆ ಹೀಗೆ ತುಂಡು ಮಾಡದೆ ಬೇರೆ ದಾರಿ ಇರಲಿಲ್ಲ.

ಅಲ್ಲಿಯವರೆಗೆ ಯಾರನ್ನೂ ದೂರುವಂತಿಲ್ಲ. ತಕರಾರು ಇರುವುದು ಮುಂದಿನದಕ್ಕೆ. ಯಾವ ಜಾಗದಲ್ಲಿ ಯಾವ ತುಂಡು ಅನ್ನುವ ಪಟ್ಟಿಯನ್ನು ಕಂಪನಿಗಳು ತಮಗೆ ಬೇಕಾದಂತೆ ಮಾಡಿಕೊಂಡವು. ಶ್ರೀಲಿಪಿಯದು ಒಂದು ಪಟ್ಟಿ, ಆಕೃತಿಯದು ಇನ್ನೊಂದು. ಒಂದರಲ್ಲಿ ಮಾಡಿದ ಪುಸ್ತಕ ಇನ್ನೊಂದರಲ್ಲಿ ತೆರೆಯದು. ಭಾರತೀಯ ಭಾಷೆಗಳಿಗೆಲ್ಲ ಒಂದೇ ಸಂಕೇತ ಇರಲಿ ಎಂದು ಇಸ್ಕಿ ಎಂಬ ರಾಷ್ಟ್ರೀಯ ಮಾನಕ 1991ರಲ್ಲೇ ಬಂದಿತ್ತು. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಪಟ್ಟಿ ಇರಲಿ ಎಂದು ಅದೇ ವರ್ಷ ಬಂದ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೂ ಕನ್ನಡ ಇತ್ತು. ಆದರೆ ವಿಂಡೋಸ್‌ನಲ್ಲಿ ಯುನಿಕೋಡ್ ಕನ್ನಡ ಸರಿಯಾಗಿ ಮೂಡಲು 2001ರ ಎಕ್ಸ್‌ಪಿ ಬರಬೇಕಾಯಿತು. ಆ ಹತ್ತು ವರ್ಷದಲ್ಲಿ ಪ್ರೆಸ್ಸುಗಳೆಲ್ಲ ಒಂದಲ್ಲ ಒಂದು ಕಂಪನಿಯ ಪಟ್ಟಿಗೆ ಗಂಟು ಬಿದ್ದಾಗಿತ್ತು. ಕೆಲವು ಪ್ಯಾಕೇಜುಗಳ ಜತೆ ಡಾಂಗಲ್ ಬೇರೆ. ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಸಣ್ಣ ಬೀಗ. ಅದು ಕಳೆದರೆ ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರೂ ಏಳುವುದಿಲ್ಲ. ಬರೆದವರು ನಾವು, ಟೈಪಿಗೆ ದುಡ್ಡು ಕೊಟ್ಟವರೂ ನಾವು, ಓದುವ ಪಟ್ಟಿ ಮಾತ್ರ ಬೇರೆಯವರ ಕಪಾಟಿನಲ್ಲಿ. ಇದನ್ನು ಯಾವ ಗ್ರಾಹಕ ತಾನೇ ಕೇಳಿಕೊಂಡಿದ್ದ?

ಇರಲಿ, ಕೆಲಸಕ್ಕೆ ಬರೋಣ. ಈ ಗೀಚನ್ನು ಯುನಿಕೋಡ್ ಕನ್ನಡಕ್ಕೆ ಬದಲಿಸುವ ಪರಿವರ್ತಕ ತಂತ್ರಾಂಶಗಳಿವೆ. ಅವುಗಳಿಗೆ ಫೈಲು ಕೊಡುವ ಮುಂಚೆ ಒಂದೆರಡು ತಯಾರಿ ಬೇಕು, ಕೊಟ್ಟಮೇಲೆ ಕರಡು ತಿದ್ದಬೇಕು.

ಮೊದಲು ಫೈಲಿನ ಜಾತಕ ನೋಡಿ

ಮೂಲ ಫೈಲಿನ ಒಂದು ಪ್ರತಿ ಮಾಡಿ ಬೇರೆ ಫೋಲ್ಡರಿಗೆ ಹಾಕಿ. ಇನ್ನು ಮುಂದೆ ಏನೇ ಮಾಡಿದರೂ ಆ ಪ್ರತಿಯಲ್ಲೇ. ಮೂಲವನ್ನು ತೆರೆದು ‘ಸೇವ್’ ಒತ್ತುವ ಚಪಲ ಬೇಡ.

ಪ್ರತಿಯನ್ನು ವರ್ಡ್‌ನಲ್ಲಿ ತೆರೆಯಿರಿ. ಗೀಚಿನ ನಡುವೆ ಎಲ್ಲಾದರೂ ಕರ್ಸರ್ ಇಟ್ಟು, ಮೇಲೆ ಫಾಂಟ್ ಹೆಸರಿರುವ ಪೆಟ್ಟಿಗೆ ನೋಡಿ. ಫಾಂಟ್ ನಿಮ್ಮಲ್ಲಿ ಇಲ್ಲದಿದ್ದರೂ ಅದರ ಹೆಸರು ಅಲ್ಲೇ ಕೂತಿರುತ್ತದೆ. ‘ನುಡಿ’ ಅಂತ ಶುರುವಾದರೆ ಕನ್ನಡ ಗಣಕ ಪರಿಷತ್ತಿನದು. ‘ಬಿಆರ್‌ಎಚ್’ ಅಂತಿದ್ದರೆ ಬರಹದ್ದು. ‘ಶ್ರೀ’ ಅಂತಿದ್ದರೆ ಶ್ರೀಲಿಪಿ. ನುಡಿ, ಬರಹ ಎರಡರ ಪಟ್ಟಿಯೂ ಒಂದೇ ಆದ್ದರಿಂದ ಒಂದರ ಪರಿವರ್ತಕ ಇನ್ನೊಂದಕ್ಕೂ ನಡೆಯುತ್ತದೆ. ಇದು ನಮ್ಮ ಪುಣ್ಯ.

ಫೈಲಿನಲ್ಲಿ ಕನ್ನಡ ಚೆನ್ನಾಗೇ ಕಾಣುತ್ತಿದೆ, ಆದರೂ ಅದು ಯುನಿಕೋಡೋ ಹಳೇ ಫಾಂಟೋ ಅಂತ ಅನುಮಾನವೇ? ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡಿಗೋ ವಾಟ್ಸ್‌ಆ್ಯಪಿಗೋ ಅಂಟಿಸಿ. ಕನ್ನಡವಾಗೇ ಉಳಿದರೆ ಯುನಿಕೋಡ್. ಗೀಚಾದರೆ ಹಳೇದು. ಸುಮ್ನೆ ಆ ಫಾಂಟ್ ಹಾಕಿಕೊಂಡರೆ ಓದಲು ಬರುತ್ತದಲ್ಲ, ಇಷ್ಟೆಲ್ಲ ಯಾಕೆ ಅನ್ನಬಹುದು. ಓದಲು ಬರುತ್ತದೆ, ನಿಜ. ಆದರೆ ‘ತುಂಗಭದ್ರಾ’ ಎಂದು ಹುಡುಕಿದರೆ ಸಿಗುವುದಿಲ್ಲ, ಮೊಬೈಲಿನಲ್ಲಿ ಕಾಣುವುದಿಲ್ಲ, ಗೂಗಲ್‌ಗೂ ಅರ್ಥವಾಗುವುದಿಲ್ಲ.

ಇಂಗ್ಲಿಷನ್ನು ಪಕ್ಕಕ್ಕಿಡಿ

ಹೆಚ್ಚಿನವರು ಎಡವುವುದು ಇಲ್ಲೇ. ಬರೀ ಪಠ್ಯ ತೆಗೆದುಕೊಳ್ಳುವ ಪರಿವರ್ತಕಕ್ಕೆ ಯಾವ ಪದ ಯಾವ ಫಾಂಟಿನಲ್ಲಿತ್ತು ಅನ್ನುವುದು ತಿಳಿಯದು. ಫೈಲಿನಲ್ಲಿ ನಿಜವಾದ ಇಂಗ್ಲಿಷ್ ಇದ್ದರೆ ಅದನ್ನೂ ಕನ್ನಡ ಮಾಡಿಬಿಡುತ್ತದೆ. ನುಡಿ ಪಟ್ಟಿಯಲ್ಲಿ ದೊಡ್ಡ ಡಿ ಅಂದರೆ ‘ಆ’, ದೊಡ್ಡ ಸಿ ಅಂದರೆ ‘ಅ’. ಹಾಗಾಗಿ ಇಂಗ್ಲಿಷಿನಲ್ಲಿ ಡಿಸಿ ಎಂದು ಬರೆದಿದ್ದರೆ ಜಿಲ್ಲಾಧಿಕಾರಿಗಳು ‘ಆಅ’ ಆಗುತ್ತಾರೆ!

ವರ್ಡ್‌ನಲ್ಲಿ ಯಾವುದಾದರೂ ಒಂದು ಇಂಗ್ಲಿಷ್ ಪದದ ಮೇಲೆ ಕರ್ಸರ್ ಇಟ್ಟು, ಹೋಮ್ ಟ್ಯಾಬಿನ ಸೆಲೆಕ್ಟ್ ಮೆನುವಿನಲ್ಲಿ ‘ಸಿಮಿಲರ್ ಫಾರ್ಮ್ಯಾಟಿಂಗ್’ ಇರುವುದನ್ನು ಆರಿಸಿ. ಅದೇ ಬಗೆಯ ಫಾಂಟಿನಲ್ಲಿರುವ ಪದಗಳು ಒಟ್ಟಿಗೆ ಆಯ್ಕೆಯಾಗುತ್ತವೆ. ಅವಕ್ಕೆ ಹಳದಿ ಬಣ್ಣ ಹಚ್ಚಿ. ಪರಿವರ್ತನೆ ಆದಮೇಲೆ ಪಕ್ಕದಲ್ಲಿ ಈ ಹಳದಿ ಪ್ರತಿ ಇಟ್ಟುಕೊಂಡು ಇಂಗ್ಲಿಷ್ ಪದಗಳನ್ನು ವಾಪಸ್ ಕೂರಿಸಬೇಕು. ಬೇಸರದ ಕೆಲಸ, ಆದರೆ ಬೇರೆ ದಾರಿ ನಂಬಿ ಕೆಟ್ಟವರೇ ಹೆಚ್ಚು.

ಪರಿವರ್ತನೆ

ಇದು ಎರಡು ನಿಮಿಷದ ಮಾತು. ನುಡಿ ಮತ್ತು ಬರಹ ತಂತ್ರಾಂಶಗಳ ಜತೆಗೇ ಪರಿವರ್ತಕ ಇದೆ. ಕನ್ನಡದ ಹುಡುಗರು ಪುಕ್ಕಟೆಯಾಗಿ ಮಾಡಿಟ್ಟ ಆನ್‌ಲೈನ್ ಪರಿವರ್ತಕಗಳೂ ಇವೆ. ಹಳೇ ಫಾಂಟಿನ ಪಠ್ಯಕ್ಕೆ ಬಳಕೆಯಲ್ಲಿರುವ ಹೆಸರು ಆಸ್ಕಿ, ಹಾಗಾಗಿ ‘ಆಸ್ಕಿಯಿಂದ ಯುನಿಕೋಡ್’ ಎಂದು ಹುಡುಕಿದರೆ ಸಿಗುತ್ತವೆ. ಗೀಚನ್ನು ಅಂಟಿಸಿ, ಗುಂಡಿ ಒತ್ತಿ, ಬಂದ ಕನ್ನಡವನ್ನು ಹೊಸ ಫೈಲಿಗೆ ಹಾಕಿ. ವಿಲ್ ಪತ್ರ, ಕ್ರಯಪತ್ರ, ಕೋರ್ಟಿನ ಕಾಗದದಂಥವನ್ನು ಮಾತ್ರ ಆನ್‌ಲೈನ್ ಪುಟಕ್ಕೆ ಅಂಟಿಸಬೇಡಿ. ಕಂಪ್ಯೂಟರಿನಲ್ಲೇ ಹಾಕಿಕೊಂಡ ಪರಿವರ್ತಕ ಬಳಸಿ. ಶ್ರೀಲಿಪಿ, ಆಕೃತಿ ಫೈಲುಗಳಿಗೆ ಅವುಗಳದೇ ಪರಿವರ್ತಕ ಬೇಕು.

ಕರಡು ತಿದ್ದುವುದು

ಬಂದದ್ದನ್ನು ಹಾಗೇ ನಂಬಬೇಡಿ. ಮೊದಲು ಅರ್ಕಾವತ್ತು ನೋಡಿ. ‘ಸೂರ್ಯ’ ಬರೆಯುವಾಗ ಕಣ್ಣಿಗೆ ಕಾಣುವ ಅರ್ಕಾವತ್ತು ‘ಯ’ ಆದಮೇಲೆ ಬರುತ್ತದೆ, ಹಳೇ ಫಾಂಟಿನಲ್ಲೂ ಅದೇ ಕ್ರಮ. ಯುನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ಎಳೆದು ಕೂರಿಸದೆ ಹೋದರೆ ‘ಸೂಯರ್’ ಆಗುತ್ತದೆ, ‘ಕಾರ್ಯಕ್ರಮ’ ಹೋಗಿ ‘ಕಾಯರ್ಕ್ರಮ’ ಆಗುತ್ತದೆ. ‘ಯರ್’, ‘ಮರ್’, ‘ಣರ್’ ಎಂದು ಹುಡುಕುತ್ತಾ ಹೋದರೆ ಬಹಳಷ್ಟು ಸಿಕ್ಕಿಬೀಳುತ್ತವೆ. ‘ರಾಷ್ಟ್ರ’, ‘ಸ್ತ್ರೀ’ಯಂಥ ಎರಡು ಒತ್ತಿನ ಪದಗಳ ಮೇಲೂ ಒಂದು ಕಣ್ಣಿರಲಿ.

ಇನ್ನೊಂದು ಕಾಟ ಅರ್ಧಾಕ್ಷರದ್ದು. ‘ಬ್ಯಾಂಕ್‌ನಲ್ಲಿ’ ಅಂತಿದ್ದದ್ದು ‘ಬ್ಯಾಂಕ್ನಲ್ಲಿ’ ಆಗಿಬಿಡುತ್ತದೆ, ‘ಕ’ ಕೆಳಗೆ ‘ನ’ ಒತ್ತು ಜೋತುಬೀಳುತ್ತದೆ. ಎರಡರ ನಡುವೆ ಕಣ್ಣಿಗೆ ಕಾಣದ ಒಂದು ತಡೆ ಇರಬೇಕು. ವರ್ಡ್‌ನಲ್ಲಿ ಇನ್ಸರ್ಟ್, ಸಿಂಬಲ್, ಸ್ಪೆಷಲ್ ಕ್ಯಾರೆಕ್ಟರ್ಸ್ ಎಂದು ಹೋಗಿ ‘ನೋ-ವಿಡ್ತ್ ಆಪ್ಷನಲ್ ಬ್ರೇಕ್’ ಹಾಕಿದರೆ ಬಿಡಿಸಿಕೊಳ್ಳುತ್ತದೆ. ಒಂದು ಕಡೆ ಸರಿ ಮಾಡಿ, ‘ಫೈಂಡ್ ಆ್ಯಂಡ್ ರಿಪ್ಲೇಸ್’ನಿಂದ ಉಳಿದವನ್ನೂ ಬದಲಿಸಿ.

ಪೇಜ್‌ಮೇಕರ್, ಪಿಡಿಎಫ್ ಇದ್ದರೆ

ಅಡೋಬಿ ಕಂಪನಿ ಪುಟ ಕಟ್ಟುವ ತಂತ್ರಾಂಶವಾದ ಪೇಜ್‌ಮೇಕರ್‌ನ 7ನೇ ಆವೃತ್ತಿಗೇ ಕೈಬಿಟ್ಟು ಎರಡು ದಶಕ ಕಳೆಯಿತು. ನಮ್ಮ ಪ್ರೆಸ್ಸುಗಳಲ್ಲಿ ಅದರಲ್ಲೇ ಕಟ್ಟಿದ ಪುಸ್ತಕಗಳು ಮಾತ್ರ ರಾಶಿ ಬಿದ್ದಿವೆ. ಇದಕ್ಕೆ ಲಿಬ್ರೆಆಫೀಸ್ ಎಂಬ ಉಚಿತ ಆಫೀಸ್ ತಂತ್ರಾಂಶ ಹಾಕಿಕೊಂಡು ಅದರ ‘ಡ್ರಾ’ ಎಂಬ ಭಾಗದಲ್ಲಿ ಫೈಲು ತೆರೆದು ನೋಡಿ. 2015ರಲ್ಲಿ ಬಂದ 4.4ನೇ ಆವೃತ್ತಿಯಿಂದ ಅದು ಪೇಜ್‌ಮೇಕರ್ ಫೈಲನ್ನು ಓದುತ್ತದೆ. ಪುಟ ವಿನ್ಯಾಸ ಚೆಲ್ಲಾಪಿಲ್ಲಿ ಆಗಬಹುದು, ನಮಗೆ ಬೇಕಿರುವುದು ಪಠ್ಯ ತಾನೇ. ಅದೂ ಆಗದಿದ್ದರೆ ನಿಮ್ಮ ಊರಿನಲ್ಲಿ ಹಳೇ ಕಂಪ್ಯೂಟರ್ ಇನ್ನೂ ಇಟ್ಟುಕೊಂಡಿರುವ ಡಿಟಿಪಿ ಅಂಗಡಿ ಹುಡುಕಿ, ಪೇಜ್‌ಮೇಕರಿನಲ್ಲೇ ತೆರೆಸಿ, ಪಠ್ಯವನ್ನು ಎಕ್ಸ್‌ಪೋರ್ಟ್ ಮಾಡಿಸಿ. ಇದನ್ನು ಮುಂದೂಡಬೇಡಿ. ಆ ಯಂತ್ರಗಳು ಒಂದೊಂದಾಗಿ ಗುಜರಿಗೆ ಹೋಗುತ್ತಿವೆ.

ಬರೀ ಪಿಡಿಎಫ್ ಇದ್ದರೆ, ಅದರಿಂದ ಕಾಪಿ ಮಾಡಿದ ಗೀಚನ್ನೇ ಪರಿವರ್ತಕಕ್ಕೆ ಕೊಟ್ಟು ನೋಡಿ. ಬಾರದಿದ್ದರೆ ಗೂಗಲ್ ಡ್ರೈವ್‌ಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಅದು ಪುಟದ ಚಿತ್ರ ನೋಡಿ ಅಕ್ಷರ ಗುರುತಿಸುತ್ತದೆ. ಟೆಸೆರಾಕ್ಟ್ ಎಂಬ ಮುಕ್ತ ತಂತ್ರಾಂಶಕ್ಕೂ ಕನ್ನಡ ಬರುತ್ತದೆ, ಅದು ನಿಮ್ಮ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಫೈಲು ಕಳೆದುಹೋಗಿ ಅಚ್ಚಾದ ಪುಸ್ತಕ ಮಾತ್ರ ಉಳಿದಿದ್ದರೂ ಸ್ಕ್ಯಾನ್ ಮಾಡಿ ಇದೇ ದಾರಿ ಹಿಡಿಯಬಹುದು. ಇಲ್ಲಿ ತಪ್ಪುಗಳು ಬೇರೆ ತರಹದವು. ಅನುಸ್ವಾರ ಬರಬೇಕಾದ ಕಡೆ ಕನ್ನಡದ ಅಂಕಿ ಸೊನ್ನೆ ಕೂತಿರುತ್ತದೆ. ನೋಡಲು ಎರಡೂ ಒಂದೇ. ಹುಡುಕಿದಾಗ ಮಾತ್ರ ಪದ ಸಿಗುವುದಿಲ್ಲ.

ಮತ್ತೆ ಬೀಗ ಬೀಳದಂತೆ

ತಿದ್ದಿದ ಪಠ್ಯವನ್ನು ಎರಡು ರೂಪದಲ್ಲಿ ಉಳಿಸಿ. ಒಂದು, ಲಿಬ್ರೆಆಫೀಸ್‌ನ ಓಡಿಟಿ. ಇದು 2006ರಿಂದ ಅಂತರರಾಷ್ಟ್ರೀಯ ಐಎಸ್‌ಒ ಮಾನಕ, ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲ. ಇನ್ನೊಂದು, ಯುನಿಕೋಡನ್ನು ಫೈಲಿನಲ್ಲಿ ಬರೆದಿಡುವ ವಿಧಾನವಾದ ಯುಟಿಎಫ್-8ರಲ್ಲಿ ಉಳಿಸಿದ ಬರೀ ಪಠ್ಯದ ಫೈಲು. ದಪ್ಪಕ್ಷರ, ಅಡಿಗೆರೆ ಏನೂ ಇರುವುದಿಲ್ಲ, ಆದರೆ ಯಾವ ಕಂಪ್ಯೂಟರಿನಲ್ಲಾದರೂ ತೆರೆಯುತ್ತದೆ. ಫಾಂಟಿಗೆ ಕೇದಗೆ, ಮಲ್ಲಿಗೆ, ಗುಬ್ಬಿ, ನವಿಲು, ನೋಟೊ ಇವೆ, ಎಲ್ಲವೂ ಉಚಿತ. ಯುನಿಕೋಡ್ ಪಠ್ಯಕ್ಕೆ ಯಾವ ಯುನಿಕೋಡ್ ಫಾಂಟ್ ಹಾಕಿದರೂ ಅಕ್ಷರ ಅದೇ ಇರುತ್ತದೆ.

ಮುಂದಿನ ಪುಸ್ತಕ ಅಚ್ಚಿಗೆ ಕೊಡುವಾಗ ಡಿಟಿಪಿಯವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಅನೇಕ ಕಡೆ ಈಗಲೂ ಹಳೇ ಫಾಂಟಿನಲ್ಲೇ ಕೆಲಸ ನಡೆಯುತ್ತಿದೆ. ಅವರಿಗೆ ಅದು ಕೈಗೆ ಕೂತ ಅಭ್ಯಾಸ, ಜಗಳ ಬೇಡ. ‘ಪುಟ ನೀವು ಹೇಗಾದರೂ ಕಟ್ಟಿ ಸಾರ್. ಕೊನೇ ತಿದ್ದುಪಡಿ ಆದಮೇಲೆ ಪಿಡಿಎಫ್ ಜತೆ ಯುನಿಕೋಡ್ ಪಠ್ಯವನ್ನೂ ನನಗೆ ಮೇಲ್ ಮಾಡಬೇಕು’ ಎಂದು ಹೇಳಿ. ಬಿಲ್ಲಿನಲ್ಲೂ ಅದನ್ನು ಬರೆಸಿಕೊಂಡು, ಪಠ್ಯ ಕೈಗೆ ಬಂದಮೇಲೆ ಬಾಕಿ ದುಡ್ಡು ಕೊಡಿ.