ನೆಲ್ಲಕ್ಕಿಯ ದೀಪವೂ ನನ್ನ ಟಿಪ್ಪಣಿಯೂ

ನನ್ನ ಹುಟ್ಟೂರು ಕುಶಾಲನಗರ, ಮನೆಮಾತು ಕನ್ನಡ. ಕೊಡವರ ಭಾಷೆಯಾದ ಕೊಡವ ತಕ್ಕ್ ಕೇಳಿದರೆ ಅರ್ಥವಾಗುತ್ತದೆ. ಬೆಂಗಳೂರಿನಲ್ಲಿ ಎರಡು ವರ್ಷದ ಎಂ.ಫಿಲ್. ಮುಗಿಸಿ ಮಡಿಕೇರಿಯಲ್ಲಿ ಮನೋಚಿಕಿತ್ಸಕನಾಗಿ ಕುಳಿತಾಗ, ಇಲ್ಲಿಯವನೇ ಆದ ನಾನು ಇಲ್ಲಿಯ ಜನರನ್ನು ಹೊಸದಾಗಿ ಅರಿಯಬೇಕಾದೀತೆಂದು ಹೊಳೆದೇ ಇರಲಿಲ್ಲ.

2018ರ ಆಗಸ್ಟ್‌ನ ಭೂಕುಸಿತದ ಬಳಿಕ ಹಿರಿಯ ಬೆಳೆಗಾರರೊಬ್ಬರು ನಿದ್ದೆಯಿಲ್ಲವೆಂದು ಬಂದರು (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ). ತೋಟ ಕೊಚ್ಚಿಹೋದದ್ದನ್ನು ಲೆಕ್ಕ ಒಪ್ಪಿಸುವವರಂತೆ ಹೇಳಿದ ಅವರ ದನಿ, ಕುಲದ ಮೂಲಮನೆಯಾದ ಐನ್‌ಮನೆಯ ನೆಲ್ಲಕ್ಕಿಯಲ್ಲಿ (ನಡುಹಜಾರದಲ್ಲಿ) ದೀಪ ಹಚ್ಚಲಾಗದೆ ಕಳೆದ ದಿನಗಳ ಮಾತು ಬಂದಾಗ ನಿಂತುಹೋಯಿತು. ಕಾರಣವರನ್ನು (ಗತಿಸಿದ ಕುಲದ ಹಿರಿಯರನ್ನು) ಕತ್ತಲಲ್ಲಿ ಬಿಟ್ಟುಬಂದೆ ಎಂದರು. ನಾನು ‘ಅತಿಯಾದ ಪಾಪಪ್ರಜ್ಞೆ’ ಎಂದು ಟಿಪ್ಪಣಿ ಬರೆದು, ಆಲೋಚನೆಗಳನ್ನು ದಾಖಲಿಸಲು ಒಂದು ಹಾಳೆ ಕೊಟ್ಟೆ. ಅದನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟು, “ಆಯಿತು ಡಾಕ್ಟ್ರೇ” ಎಂದು ಹೋದವರು ಮತ್ತೆ ಬರಲಿಲ್ಲ. (ನಾನು ಡಾಕ್ಟರಲ್ಲವೆಂದು ಇಂದಿಗೂ ವಾರಕ್ಕೆ ನಾಲ್ಕು ಸಲ ಹೇಳುತ್ತೇನೆ.)

ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಬಳಸುವ 2013ರ ಡಿಎಸ್‌ಎಂ-5 ಕೈಪಿಡಿಯಲ್ಲಿ ರೋಗಿಯ ಸಂಸ್ಕೃತಿಯನ್ನು ಅರಿಯಲೆಂದೇ 16 ಪ್ರಶ್ನೆಗಳ ಸಂದರ್ಶನವಿದೆ. ನಾನದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ, ಅಷ್ಟೆ. ಈಗ ಮೊದಲ ಭೇಟಿಯ ಬಹುಪಾಲು ಅದಕ್ಕೇ ಮೀಸಲು. ‘ಸಮಸ್ಯೆ’ ಎಂದರೆ ಜನ ಮುದುಡಿಕೊಳ್ಳುವುದರಿಂದ, “ಮನೆಯಲ್ಲಿ ಇದಕ್ಕೆ ಏನೆನ್ನುತ್ತಾರೆ?” ಎಂದು ಕೇಳುತ್ತೇನೆ. ಹಿರಿಯರಿಗೆ ಎಡೆಯಿಡಬೇಕೆಂಬ ಮನಸ್ಸನ್ನು ರೋಗಲಕ್ಷಣವೆಂದು ಬರೆಯುವುದಿಲ್ಲ. ಹಾಗೆಂದು ಊಟ ಬಿಟ್ಟು ಸೊರಗಿದವರನ್ನು, ಸಾಯುವ ಮಾತಾಡುವವರನ್ನು ಎಡೆಯೊಂದರ ಮೇಲೆ ಬಿಡುವುದೂ ಇಲ್ಲ, ಅದೇ ದಿನ ಮನೋವೈದ್ಯರಲ್ಲಿಗೆ ಕಳುಹಿಸುತ್ತೇನೆ. ದೀಪವೂ ಇರಲಿ, ಮಾತ್ರೆಯೂ ಇರಲಿ ಎಂದರೆ ಒಪ್ಪದ ಮನೆ ನನಗೆ ಸಿಕ್ಕಿದ್ದು ಕಡಿಮೆ.

ತೋಟದ ಕೂಲಿಯವರ ಸಾಲುಮನೆಗಳಾದ ಲೈನ್‌ಮನೆಗಳಿಂದ ಬರುವ ಯರವ ಬುಡಕಟ್ಟಿನವರ ವಿಷಯದಲ್ಲಿ ತೊಡಕು ಬೇರೆ. ಅವರ ಭಾಷೆ ನನಗೆ ಬಾರದು. ದುಭಾಷಿಯಾಗಿ ಜೊತೆಗೆ ಬರುವವನು ತೋಟದ ಮೇಸ್ತ್ರಿ. ಕೂಲಿ ಎಣಿಸುವವನ ಎದುರು ಗಂಡನ ಕುಡಿತವನ್ನಾಗಲಿ, ತೀರದ ಮುಂಗಡವನ್ನಾಗಲಿ ಯಾವ ಹೆಂಗಸು ಬಾಯಿಬಿಟ್ಟಾಳು? ಮೇಸ್ತ್ರಿಯನ್ನು ಹೊರಗೆ ಕೂರಿಸಿ, ಆಕೆಯೇ ಆರಿಸಿಕೊಂಡವರನ್ನು ಮುಂದಿನ ಸಲ ಕರೆತರಲು ಹೇಳುತ್ತೇನೆ. ಆ ಭೇಟಿಯನ್ನು ಸಂತೆಯ ದಿನಕ್ಕೇ ಇಡುತ್ತೇನೆ. ಚೀಲ ಹಿಡಿದು ಪೇಟೆಗೆ ಬಂದವಳು ಎಲ್ಲಿಗೆ ಹೋಗಿದ್ದಳೆಂದು ಅಂದು ಯಾರೂ ಕೇಳುವುದಿಲ್ಲ.