ಬಲ್ಬ್ ಕೊಳ್ಳುವಾಗ ವ್ಯಾಟ್ ಬಿಡಿ, ಲ್ಯೂಮೆನ್ ನೋಡಿ

ನಾನು ಮನೆಗಳ ವೈರಿಂಗ್ ಮಾಡುವವನು. ಕೆಲಸ ಮುಗಿದು ಬಲ್ಬ್ ಹಾಕುವ ಹೊತ್ತಿಗೆ ಎಲ್ಲರೂ ಕೇಳುವುದು ಒಂದೇ: "ಹಾಲ್‌ಗೆ ಎಷ್ಟು ವ್ಯಾಟಿನದು ತರಲಿ?" ವ್ಯಾಟ್ ಹೇಳುವುದು ಬಲ್ಬ್ ಎಷ್ಟು ಕರೆಂಟ್ ಎಳೆಯುತ್ತದೆ ಅನ್ನುವುದನ್ನು. ಬೆಳಕೆಷ್ಟು ಅಂತ ತಿಳಿಯಬೇಕಾದರೆ ಡಬ್ಬಿಯ ಮೇಲೆ ಲ್ಯೂಮೆನ್ ಹುಡುಕಿ. ಲ್ಯೂಮೆನ್ನನ್ನು ವ್ಯಾಟ್‌ನಿಂದ ಭಾಗಿಸಿ ನೋಡಿ. ಎಲ್‌ಇಡಿಯಲ್ಲಿ 100ರ ಆಸುಪಾಸು ಬಂದರೆ ಒಳ್ಳೆಯದು. 80ಕ್ಕಿಂತ ಕಡಿಮೆಯಿದ್ದರೆ ನಾನು ಬೇರೆಯದನ್ನೇ ತರಿಸುತ್ತೇನೆ.

ಹಳೆಯ 60 ವ್ಯಾಟಿನ ತಂತಿ ಬಲ್ಬ್ ಕೊಡುತ್ತಿದ್ದುದು ಸುಮಾರು 800 ಲ್ಯೂಮೆನ್. ಅಷ್ಟೇ ಬೆಳಕನ್ನು 9 ವ್ಯಾಟಿನ ಎಲ್‌ಇಡಿ ಕೊಡುತ್ತದೆ. ದಿನಕ್ಕೆ 5 ಗಂಟೆ ಉರಿದರೆ ವರ್ಷಕ್ಕೆ ತಂತಿ ಬಲ್ಬ್ ಸುಮಾರು 110 ಯೂನಿಟ್, ಎಲ್‌ಇಡಿ 16ರಿಂದ 17. ಹಾಗಂತ ಒಂದೇ ದಿನ ಎಲ್ಲವನ್ನೂ ಬದಲಿಸಬೇಕಿಲ್ಲ. ಹೆಚ್ಚು ಹೊತ್ತು ಉರಿಯುವ ದೀಪಗಳಿಂದ ಶುರು ಮಾಡಿ. ಐದು ನಿಮಿಷ ಹಚ್ಚುವ ಸ್ಟೋರ್ ರೂಮಿನ ಬಲ್ಬ್ ತಾನಾಗಿ ಕೆಡುವವರೆಗೆ ಇರಲಿ.

ಅಡುಗೆಮನೆಯಲ್ಲಿ ವ್ಯಾಟ್ ಏರಿಸುತ್ತಾ ಹೋಗುವವರು ಬಹಳ. ಬೆಳಕು ಕಡಿಮೆಯಾಗಿ ಕಾಣುವುದಕ್ಕೆ ಕಾರಣ ಎಷ್ಟೋ ಸಲ ಬಲ್ಬ್ ಇರುವ ಜಾಗ. ಸೂರಿನ ನಡುವೆ ದೀಪವಿದ್ದರೆ ಕಟ್ಟೆಯ ಮುಂದೆ ನಿಂತವರ ನೆರಳು ಅವರು ಹೆಚ್ಚುತ್ತಿರುವ ತರಕಾರಿಯ ಮೇಲೇ ಬೀಳುತ್ತದೆ. ಕಟ್ಟೆಯ ಮೇಲಿನ ಕಪಾಟಿನ ಅಡಿಗೆ 5 ವ್ಯಾಟಿನ ಸಣ್ಣ ಪಟ್ಟಿ ಹಾಕಿಸಿ, ಸೂರಿನ ದೊಡ್ಡ ಬಲ್ಬ್ ಮಾಡದ ಕೆಲಸವನ್ನು ಅದು ಮಾಡುತ್ತದೆ. ಓದುವ ಮೇಜಿಗೂ ಇದೇ ಮಾತು.

ಬಣ್ಣವನ್ನು ಕೆಲ್ವಿನ್‌ನಲ್ಲಿ ಬರೆದಿರುತ್ತಾರೆ. 2700 ಹಳದಿ, 4000 ನಡುವಿನದು, 6500 ನೀಲಿ ಛಾಯೆಯ ಬಿಳಿ. ಮಲಗುವ ಕೋಣೆಗೆ 6500 ಬೇಡವೇ ಬೇಡ. ರಾತ್ರಿ ನೀಲಿ ಅಂಶ ಹೆಚ್ಚಿರುವ ಬೆಳಕು ನಿದ್ದೆ ತರುವ ಮೆಲಟೋನಿನ್ ಅನ್ನು ತಗ್ಗಿಸುತ್ತದೆ. ಕನ್ನಡಿಯ ಮುಂದೆ, ಹೊಲಿಗೆ ಯಂತ್ರದ ಬಳಿ ಸಿಆರ್‌ಐ (ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಅನ್ನುವ ಅಂಕ, ಗರಿಷ್ಠ 100) 90 ಅಥವಾ ಅದಕ್ಕಿಂತ ಮೇಲಿರುವುದನ್ನು ಹಾಕಿ. ಇಲ್ಲದಿದ್ದರೆ ಕಡುನೀಲಿ ದಾರ ಯಾವುದು, ಕಪ್ಪು ಯಾವುದು ಗೊತ್ತಾಗುವುದಿಲ್ಲ.

ಕೆಟ್ಟ ಎಲ್‌ಇಡಿ ಬಲ್ಬ್‌ಗಳನ್ನು ಬಿಚ್ಚಿ ನೋಡುವ ಅಭ್ಯಾಸ ನನಗಿದೆ. ಬೆಳಕು ಕೊಡುವ ಸಣ್ಣ ಚಿಪ್‌ಗಳಲ್ಲಿ ಒಂದರ ಮೇಲೆ ಕಪ್ಪು ಚುಕ್ಕೆ, ಇಲ್ಲವೇ ಚಿಪ್‌ಗಳಿಗೆ ಕರೆಂಟ್ ಹದ ಮಾಡಿ ಕೊಡುವ ಡ್ರೈವರ್‌ನಲ್ಲಿ ಉಬ್ಬಿದ ಕೆಪ್ಯಾಸಿಟರ್ ಅನ್ನುವ ಬಿಡಿಭಾಗ. ಎರಡಕ್ಕೂ ಮೂಲ ಸಾಮಾನ್ಯವಾಗಿ ಶಾಖ. ಚಿಪ್‌ಗಳನ್ನು ಸರಪಳಿಯಂತೆ ಜೋಡಿಸಿರುವುದರಿಂದ ಒಂದು ಸುಟ್ಟರೆ ಎಲ್ಲವೂ ಆರುತ್ತವೆ. ಆದ್ದರಿಂದ ಗಾಳಿಯಾಡದ ಗಾಜಿನ ಗುಂಡಿನೊಳಗೆ ಹೆಚ್ಚು ವ್ಯಾಟಿನ ಬಲ್ಬ್ ತುರುಕಬೇಡಿ. ಡಬ್ಬಿಯ ಮೇಲೆ 25,000 ಗಂಟೆ ಅಂತಿದ್ದರೂ ಆ ಬೇಗೆಯಲ್ಲಿ ಅದು ಅಷ್ಟು ಬಾಳುವುದಿಲ್ಲ. ತೆರೆದ ಹೋಲ್ಡರ್ ಹಾಕಿಸಿ, ಅಥವಾ ಮುಚ್ಚಿದ ಫಿಟ್ಟಿಂಗ್‌ಗೆ ಸರಿಹೋಗುತ್ತದೆ ಅಂತ ಬರೆದಿರುವುದನ್ನೇ ಕೊಳ್ಳಿ.

ಮೊದಲು ಒಂದೇ ಬಲ್ಬ್ ತಂದು ಹಚ್ಚಿ, ಮೊಬೈಲ್ ಕ್ಯಾಮೆರಾ ಹತ್ತಿರ ಹಿಡಿಯಿರಿ. ಪರದೆಯ ಮೇಲೆ ಕಪ್ಪು ಪಟ್ಟಿಗಳು ದಟ್ಟವಾಗಿ ಓಡಿದರೆ ಬೆಳಕು ಮಿಣುಕುತ್ತಿದೆ, ಕಣ್ಣಿಗೆ ಗೊತ್ತಾಗದಿದ್ದರೂ ತಲೆನೋವು ತರಬಹುದು. ಬೆಳಕು ಏರಿಸಿ ಇಳಿಸುವ ಡಿಮ್ಮರ್ ಇದ್ದರೆ ಡಿಮ್ಮರ್‌ಗೆ ಒಗ್ಗುವ ಬಲ್ಬೇ ಬೇಕು. ಹೋಲ್ಡರ್ ಪಿನ್ನಿನದೋ ತಿರುಪಿನದೋ ಮನೆಯಲ್ಲೇ ನೋಡಿಕೊಂಡು ಹೋಗಿ. ಹಳೆಯ ಸಿಎಫ್‌ಎಲ್ ತೆಗೆದರೆ ಒಡೆಯಬೇಡಿ, ಕಸಕ್ಕೂ ಹಾಕಬೇಡಿ, ಒಳಗೆ ಪಾದರಸವಿದೆ. ಇ-ತ್ಯಾಜ್ಯ ತೆಗೆದುಕೊಳ್ಳುವಲ್ಲಿಗೆ ಕೊಡಿ.

ಸ್ವಿಚ್ ಆರಿಸಿದ ಮೇಲೂ ಎಲ್‌ಇಡಿ ಮಂದವಾಗಿ ಹೊಳೆಯುತ್ತಿದ್ದರೆ ಬಲ್ಬ್ ಬದಲಿಸಲು ಓಡಬೇಡಿ. ಸ್ವಿಚ್ಚಿನಲ್ಲಿ ಸಣ್ಣ ಸೂಚಕ ದೀಪವಿದ್ದರೆ ಅದರಿಂದ ಹಾಗಾಗಬಹುದು, ಅದು ದೊಡ್ಡ ವಿಷಯವಲ್ಲ. ಸೂಚಕ ದೀಪವಿಲ್ಲದಿದ್ದರೆ ಸ್ವಿಚ್ ಕರೆಂಟ್ ತರುವ ಫೇಸ್ ತಂತಿಯ ಬದಲು ಅದು ಹಿಂದಿರುಗುವ ನ್ಯೂಟ್ರಲ್ ತಂತಿಯನ್ನು ಕಡಿಯುತ್ತಿರಬಹುದು. ಆಗ ಸ್ವಿಚ್ ಆರಿಸಿದರೂ ಹೋಲ್ಡರ್‌ನಲ್ಲಿ ಕರೆಂಟ್ ಇರುತ್ತದೆ. ಬಲ್ಬ್ ಮುಟ್ಟುವ ಮೊದಲು ಮೇನ್ ಆರಿಸಿ, ವೈರಿಂಗ್ ಬಲ್ಲವರನ್ನು ಕರೆಸಿ.